ಕೇಳಲಂಜಿದ ಪ್ರಾರ್ಥನೆ

ನಮ್ಮ ಕಿರಿಯ ಮಗನು ವಿಷಮಶೀತಜ್ವರದಿಂದ ತೀರಿಹೋದ ಬಳಿಕ ನಾವು ಪ್ರಾರ್ಥನೆಯಲ್ಲಿ ಏನನ್ನೂ ಸ್ಪಷ್ಟವಾಗಿ ಬೇಡದಾದೆವು. ದೇವರ ಚಿತ್ತದಂತೆ ಆಗಲೆಂದಷ್ಟೇ ಹೇಳಿ ಏಳುತ್ತಿದ್ದೆವು. ಅದನ್ನು ವಿನಯವೆಂದೆಣಿಸಿದ್ದೆವು, ನಿಜವಾಗಿ ಅದು ಮತ್ತೊಮ್ಮೆ ನಿರಾಶರಾಗುವ ಭಯವಾಗಿದ್ದಿತು. ‘ಪ್ರಾರ್ಥನೆ’ಯ ಸಂಸ್ಕೃತ ಧಾತುವಿಗೆ ಬೇಡುವುದೆಂದೇ ಅರ್ಥವೆಂದು ಮಕ್ಕಳಿಗೆ ಕಲಿಸಿದವರು ನಾವೇ!

ಗೆತ್ಸೇಮನೆ ತೋಟದಲ್ಲಿ ಕ್ರಿಸ್ತನು ಸಂಕಟದ ಪಾತ್ರೆಯು ತನ್ನಿಂದ ತೊಲಗಲೆಂದು ಮೊದಲು ಬಾಯ್ದೆರೆದು ಬೇಡಿದನು. ಅನಂತರವೇ ತಂದೆಯ ಚಿತ್ತಕ್ಕೆ ತನ್ನನ್ನೊಪ್ಪಿಸಿದನು. ಬೇಡುವುದು ಧೈರ್ಯ, ಒಪ್ಪಿಸುವುದು ವಿಶ್ವಾಸ. ಬೇಡಿಕೆಯೇ ಇಲ್ಲದವನು ಒಪ್ಪಿಸುವುದಾದರೂ ಏನನ್ನು?

ಈಚೆಗೆ ನಮ್ಮ ಮನೆಯಾಕೆಯು ಹಾಸಿಗೆ ಹಿಡಿದಳು. ಆ ರಾತ್ರಿ ಬಹುವರ್ಷಗಳ ತರುವಾಯ, “ತಂದೆಯೇ, ಇವಳನ್ನು ಉಳಿಸು” ಎಂದು ಬೇಡಿದೆವು. ಆಕೆಯಿನ್ನೂ ಎದ್ದಿಲ್ಲ. ಆದರೂ ಪ್ರಿಯ ವಾಚಕರೇ, ಪ್ರತಿ ಸಂಜೆ ಅದನ್ನೇ ಬೇಡುತ್ತಿದ್ದೇವೆ. ಮುಚ್ಚಿದ್ದ ಬಾಗಿಲನ್ನು ತಟ್ಟುವ ಕೈಗೆ ಈಗ ನಡುಕವಿಲ್ಲ.