ಗುರುಗುಂಟಾದ ರೊಟ್ಟಿ ಗಂಟು

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾಕ್ಕೆ ಹಟ್ಟಿ ಚಿನ್ನದ ಗಣಿ ಕೆಲವೇ ಮೈಲಿ. ಆದರೇನು? ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. 1948ರವರೆಗೆ ಇದು ನಿಜಾಮರ ಹೈದರಾಬಾದಿಗೆ ಸೇರಿದ ಸಂಸ್ಥಾನದ ಊರು. ಆಗಿನ ಲೆಕ್ಕದಲ್ಲಿ ಬೆಂಗಳೂರು ಪರರಾಜ್ಯವೇ. ಈಗಲೂ ದೂರ ಅಷ್ಟೇನೂ ತಗ್ಗಿಲ್ಲ.

ಕಟ್ಟಡದ ಪಕ್ಕ ತಗಡಿನ ಶೆಡ್ಡು, ಮೂರು ಕಲ್ಲಿನ ಒಲೆ. ಮೊದಲ ವಾರಕ್ಕೆ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಗಂಟು ಖಾಲಿಯಾದ ಮೇಲೆ ನಿಜವಾದ ಪರದೇಶ ಶುರು: ಜೋಳದ ಹಿಟ್ಟಿಗೆ ಅಂಗಡಿ ಹುಡುಕಬೇಕು, ಮಕ್ಕಳಿಗೆ ಶಾಲೆ. ಹಿಟ್ಟು ಹೇಗೋ ಸಿಗುತ್ತದೆ. ಶಾಲೆ ಮಾತ್ರ, ಕಟ್ಟಡ ಮುಗಿದು ಶೆಡ್ಡು ಕಿತ್ತಾಗ ಮತ್ತೆ ತಪ್ಪುತ್ತದೆ.

2020ರ ಲಾಕ್‌ಡೌನಿನಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರರು ಬೆಂಗಳೂರಿನಿಂದ ನಡೆದೇ ಹೊರಟಿದ್ದರು. ಆದರೂ ಗುಳೆ ನಿಂತಿಲ್ಲ. ಅಮರೇಶ್ವರನ ಜಾತ್ರೆಗೆ ಊರಿಗೆ ಬರುತ್ತಾರೆ. ತೇರು ಎಳೆದಾದ ಮೇಲೆ ಮತ್ತೆ ರೊಟ್ಟಿ ಬಡಿಯುವ ಸದ್ದು.