ಹೃದಯ ಕಂಬದಲ್ಲಿದೆ... ಹುಡುಗಿ ಎಲ್ಲಿ?

ವಿಮಾನದಿಂದ ಇಳಿದರೆ ಸಾಕು, ಎದುರಿಗೇ ಅವನ ಹೆಸರು! ಪೋಲೆಂಡಿನ ರಾಜಧಾನಿ ವಾರ್ಸಾದ ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು ರಾಜನ ಹೆಸರಲ್ಲ, ಮಂತ್ರಿಯ ಹೆಸರೂ ಅಲ್ಲ, ಒಬ್ಬ ಪಿಯಾನೋ ವಾದಕನ ಹೆಸರು. ಫ್ರೆಡರಿಕ್ ಶೋಪಾನ್! ನಮ್ಮೂರ ಬಸ್ ಸ್ಟ್ಯಾಂಡಿಗೆ ಹಾರ್ಮೋನಿಯಂ ಮೇಷ್ಟ್ರ ಹೆಸರು ಇಟ್ಟಂಗಾಯ್ತು ನೋಡಿ.

ನಾನು ಹೋದದ್ದು ಬೇರೆ ಕೆಲಸದ ಮೇಲೆ. ಎರಡು ದಿನ ಬಿಡುವು ಸಿಕ್ಕಿತು. ಊರಿನ ಮುಖ್ಯ ಬೀದಿಗೆ ಹೋದೆ. ಅದರ ಹೆಸರು ಕ್ರಾಕೋವ್‌ಸ್ಕಿಯೆ ಪ್ಷೆದ್‌ಮ್ಯೆಶ್ಚಿಯೆ. ಒಂದೇ ಉಸಿರಿನಲ್ಲಿ ಅಂದವರಿಗೆ ಒಂದು ಬೈಟೂ ಕಾಫಿ ನನ್ನ ಲೆಕ್ಕದಲ್ಲಿ! ನಮ್ಮ ಕೆಂಪೇಗೌಡ ರಸ್ತೆ ಇದ್ದ ಹಾಗೆ ಜನ, ಗಲಾಟೆ, ಹುಡುಗ ಹುಡುಗಿಯರ ದಂಡು. ಎದುರುಗಡೆ ವಿಶ್ವವಿದ್ಯಾಲಯ. ಈಚೆಗೆ ಎರಡು ಗೋಪುರದ ಹೋಲಿ ಕ್ರಾಸ್ ಚರ್ಚು. ಒಳಗೆ ಎಡಗಡೆ ಒಂದು ಕಂಬ. ಆ ಕಂಬದೊಳಗೆ ಗಾಜಿನ ಜಾಡಿ, ಜಾಡಿಯಲ್ಲಿ ಮದ್ಯ, ಮದ್ಯದಲ್ಲಿ... ಶೋಪಾನನ ಹೃದಯ!

ಕಥೆಯಲ್ಲ, ನಿಜ. ಶೋಪಾನ್ ಸತ್ತದ್ದು 1849ರ ಅಕ್ಟೋಬರ್ 17ರಂದು, ಪ್ಯಾರಿಸ್ಸಿನಲ್ಲಿ, 39ನೇ ವಯಸ್ಸಿಗೆ. ದೇಹ ಅಲ್ಲೇ ಮಣ್ಣಾಯಿತು. ಹೃದಯವನ್ನು ಮಾತ್ರ ಅಕ್ಕ ಲುದ್ವಿಕಾ ಊರಿಗೆ ತಂದಳು. ಗಡಿಯಲ್ಲಿ ಉಡುಪಿನೊಳಗೆ ಬಚ್ಚಿಟ್ಟುಕೊಂಡು ದಾಟಿಸಿದಳು ಎಂದು ಹೇಳುತ್ತಾರೆ. 1944ರಲ್ಲಿ ಊರೆಲ್ಲ ಹೊತ್ತಿ ಉರಿದಾಗ ಹೃದಯ ಚರ್ಚಿನಿಂದ ಹೊರಗೆ ಹೋಗಿತ್ತು. 1945ರಲ್ಲಿ, ಅವನು ಸತ್ತ ಅದೇ ಅಕ್ಟೋಬರ್ 17ಕ್ಕೆ ವಾಪಸು ಬಂತು. ಇಂಥ ಸೀನ್ ನಮ್ಮ ಯಾವ ಡೈರೆಕ್ಟರ್ ತೆಗೆದರೂ ಅತಿಯಾಯ್ತು ಅಂತ ನಾವೇ ಶಿಳ್ಳೆ ಹೊಡೀತೀವಿ.

ಚರ್ಚಿನಿಂದ ಹೊರಗೆ ಬಂದರೆ ಮಗ್ಗುಲಲ್ಲೇ ಒಂದು ಅರಮನೆ. ಈಗ ಅಲ್ಲಿ ಚಿತ್ರಕಲೆಯ ಕಾಲೇಜಿದೆ. 1827ರಿಂದ ಶೋಪಾನನ ಸಂಸಾರ ಇದರ ಒಂದು ಪಕ್ಕದ ಭಾಗದಲ್ಲಿತ್ತು. ಅಪ್ಪ ಫ್ರೆಂಚ್ ಮೇಷ್ಟ್ರು. ಮನೆಗೂ ಹೃದಯಕ್ಕೂ ನಡುವೆ ಒಂದು ಬೀಡಿ ಸೇದುವಷ್ಟು ದಾರಿ. ಆದರೆ ಆ ಹೃದಯ ಪ್ಯಾರಿಸ್ ಸುತ್ತಿ ಬರಬೇಕಾಯಿತು!

ಈಗ ಹುಡುಗಿಯ ವಿಷಯಕ್ಕೆ ಬರೋಣ. ನೀವು ಕಾಯ್ತಾ ಇರೋದೂ ಅದಕ್ಕೇ ತಾನೆ?

ಅವಳ ಹೆಸರು ಕಾನ್‌ಸ್ಟಾನ್ಸಿಯಾ. ಸಂಗೀತ ಶಾಲೆಯಲ್ಲಿ ಹಾಡುಗಾರಿಕೆ ಕಲಿಯುತ್ತಿದ್ದಳು. ಇವನಿಗೆ 19, ಅವಳಿಗೂ ಅಷ್ಟೇ. ನೋಡಿದ, ಬಿದ್ದ. 1829ರ ಅಕ್ಟೋಬರ್ 3ರಂದು ಗೆಳೆಯ ತೀತುಸ್‌ಗೆ ಒಂದು ಕಾಗದ ಬರೆದ. ಆರು ತಿಂಗಳಿಂದ ಒಬ್ಬಳನ್ನು ಮನಸ್ಸಿನಲ್ಲೇ ಪೂಜಿಸುತ್ತಿದ್ದೇನೆ, ಅವಳ ಹತ್ತಿರ ಒಂದು ಮಾತೂ ಆಡಿಲ್ಲ, ನನ್ನ ಕಾನ್ಸರ್ಟೋದ ನಿಧಾನದ ಭಾಗ ಹುಟ್ಟಿದ್ದು ಅವಳ ನೆನಪಿನಲ್ಲೇ ಎಂಬುದು ಅದರ ಸಾರಾಂಶ.

ಆರು ತಿಂಗಳು! ನಗಬೇಡಿ. ಕಾಲೇಜು ದಿನಗಳಲ್ಲಿ ಒಂದು ಹುಡುಗಿ ಬಸ್ಸಿಗೆ ಕಾಯುವ ಹೊತ್ತಿಗೆ ಸರಿಯಾಗಿ ಎದುರಿನ ಕಟ್ಟೆ ಮೇಲೆ ಕೂತು ಮೌತ್ ಆರ್ಗನ್ ಊದುತ್ತಿದ್ದವನು ನಾನು. ಎರಡು ವರ್ಷ ಊದಿದೆ. ಆಕೆಗೆ ಈಗ ಮೊಮ್ಮಕ್ಕಳಂತೆ. ನಾನು ಊದುತ್ತಿದ್ದದ್ದು ಸಿನಿಮಾ ಟ್ಯೂನು. ಯಾರೋ ಕಷ್ಟಪಟ್ಟು ಕಟ್ಟಿದ್ದು, ಇನ್ಯಾರೋ ಪರದೆಯ ಮೇಲೆ ತುಟಿ ಆಡಿಸಿದ್ದು. ನನ್ನದು ಅಂತ ಅದರಲ್ಲಿ ಉಸಿರು ಬಿಟ್ಟರೆ ಬೇರೇನೂ ಇರಲಿಲ್ಲ. ಈ ಹುಡುಗ ಹಾಗೆ ಮಾಡಲಿಲ್ಲ, ತನ್ನದೇ ಕಟ್ಟಿದ.

ಆ ಅರಮನೆ ಮುಂದೆಯೇ ನಿಂತು ಮೊಬೈಲಿನಲ್ಲಿ ಆ ಭಾಗವನ್ನು ಕೇಳಿದೆ. ಒಂದು ಸಂಗತಿ ನಿಮಗೆ ಗೊತ್ತಿರಲಿ. ಪಿಯಾನೋ ಸುತ್ತಿಗೆಯ ವಾದ್ಯ. ಕೀಲಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತೆ. ಬಡಿದ ಕ್ಷಣದಿಂದಲೇ ಆ ಸ್ವರ ಸಾಯತೊಡಗುತ್ತೆ. ಹಾರ್ಮೋನಿಯಂ ಹಾಗೆ ತಿದಿ ಒತ್ತಿ ಎಳೆಯೋಕಾಗಲ್ಲ, ಗಾಯಕಿಯ ಹಾಗೆ ಒಂದೇ ಸ್ವರವನ್ನು ಉಬ್ಬಿಸೋಕೂ ಆಗಲ್ಲ. ಹುಡುಗಿಯೋ ಹಾಡುವವಳು! ಇವನ ಕೈಯಲ್ಲಿರೋದು ಸುತ್ತಿಗೆ! ಅದಕ್ಕೇ ಸ್ವರ ಸಾಯುವ ಮೊದಲೇ ಅದರ ಸುತ್ತ ಸಣ್ಣ ಸಣ್ಣ ಸ್ವರಗಳನ್ನು ಸರದ ಮಣಿಯ ಹಾಗೆ ಪೋಣಿಸುತ್ತಾನೆ. ಅದೇ ರಾಗ ಮತ್ತೆ ಬಂದಾಗ ಮಣಿಗಳು ಬೇರೆ. ಇಟಲಿಯ ಸಂಗೀತ ನಾಟಕಗಳ ಗಾಯಕಿಯರು ಹಾಡುವ ರೀತಿಯನ್ನು ಬೆರಳಿಗೆ ತಂದುಕೊಂಡಿದ್ದಾನೆ.

ನಡುವೆ ಒಂದು ಜಾಗ ಬರುತ್ತೆ, ಅಲ್ಲಿ ನನಗೆ ಮೈ ಜುಮ್ಮೆಂದಿತು. ಪಿಟೀಲುಗಳೆಲ್ಲ ಸಣ್ಣಗೆ ನಡುಗತೊಡಗುತ್ತವೆ. ನಮ್ಮ ಚಿತ್ರಗಳಲ್ಲಿ ನಾಯಕ ಏನೋ ಹೇಳಲು ಬಾಯಿ ತೆರೆಯುವ ಮೊದಲು ರೀ-ರೆಕಾರ್ಡಿಂಗಿನಲ್ಲಿ ನಡುಗಿಸುತ್ತಾರಲ್ಲ, ಥೇಟ್ ಹಾಗೆ. ಅದರ ಮೇಲೆ ಪಿಯಾನೋ ಹಾಡೋದನ್ನೇ ಬಿಟ್ಟುಬಿಡುತ್ತೆ. ಎರಡೂ ಕೈ ಒಂದೇ ರಾಗ ಹಿಡಿದು ಮಾತಾಡಲು ಹೊರಡುತ್ತವೆ. ತಡವರಿಸುತ್ತೆ, ದನಿ ಏರುತ್ತೆ, ಮತ್ತೆ ನಿಲ್ಲುತ್ತೆ. ಆರು ತಿಂಗಳು ಬಾಯಲ್ಲಿ ಬರದ ಡೈಲಾಗು! ಈ ಹಾಡಿಗೆ ಹಾಡಿನ ಪುಸ್ತಕ ಸಿಗಲ್ಲ ಸ್ವಾಮಿ, ಪದವೇ ಇಲ್ಲ.

1830ರ ಮಾರ್ಚ್ 17ರಂದು ವಾರ್ಸಾದ ನಾಟಕಶಾಲೆಯಲ್ಲಿ ಅದನ್ನು ನುಡಿಸಿದ. ಹೌಸ್ ಫುಲ್! ಆ ಕಟ್ಟಡ ಈಗಿಲ್ಲ. ಅಕ್ಟೋಬರ್ 11ರಂದು ಮತ್ತೊಂದು ಕಛೇರಿ. ಅವತ್ತು ಕಾನ್‌ಸ್ಟಾನ್ಸಿಯಾಳೂ ಅದೇ ವೇದಿಕೆಯಲ್ಲಿ ಹಾಡಿದಳು. ಬಿಳಿ ಉಡುಪು, ಮುಡಿಯಲ್ಲಿ ಗುಲಾಬಿ. ಇದನ್ನೂ ಅವನು ಗೆಳೆಯನಿಗೇ ಬರೆದ, ಅವಳಿಗಲ್ಲ! ನವೆಂಬರ್ 2ರಂದು ಊರು ಬಿಟ್ಟ. ಅದೇ 29ರಂದು ವಾರ್ಸಾದಲ್ಲಿ ರಷ್ಯದ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು. ಮರುವರ್ಷ ದಂಗೆ ಸೋತಿತು. ಅವನು ಮತ್ತೆ ತನ್ನೂರನ್ನು ನೋಡಲೇ ಇಲ್ಲ.

ಆಕೆ? 1832ರಲ್ಲಿ ಬೇರೊಬ್ಬನನ್ನು ಮದುವೆಯಾದಳು, ಮಕ್ಕಳಾದವು. ಮುಂದೆ ಕಣ್ಣು ಹೋಯಿತು. ಶೋಪಾನ್ ತನ್ನನ್ನು ಅಷ್ಟೊಂದು ಹಚ್ಚಿಕೊಂಡಿದ್ದ ಎಂಬುದು ಅವನ ಜೀವನ ಚರಿತ್ರೆ ಅಚ್ಚಾದ ಮೇಲೇ, ಮುಪ್ಪಿನಲ್ಲಿ, ತಿಳಿಯಿತಂತೆ. 1889ರಲ್ಲಿ ತೀರಿಕೊಂಡಳು. ಇನ್ನೊಂದು ಕೇಳಿ. ಆ ಕಾನ್ಸರ್ಟೋ ಅಚ್ಚಾದದ್ದು 1836ರಲ್ಲಿ. ಅರ್ಪಣೆ ಯಾರಿಗೆ ಅಂತೀರಿ? ದೆಲ್ಫೀನಾ ಪೊತೋಸ್ಕಾ ಎಂಬ ಬೇರೆಯೇ ಹೆಂಗಸಿಗೆ!

ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ. ಮಾತಾಡದೆ ಸುಮ್ಮನಿದ್ದದ್ದೇ ದೊಡ್ಡ ಪ್ರೇಮ ಅಂತ ನಾನಂತೂ ಹೇಳಲ್ಲ. ಪಾಪ, ಆ ಹುಡುಗಿಯನ್ನು ಯಾರು ಕೇಳಿದರು? ಹುಡುಗಿಯನ್ನು ಅವನು ಕಳೆದುಕೊಂಡ ಅನ್ನೋಕೂ ಆಗಲ್ಲ, ಕೇಳಿಯೇ ಇರಲಿಲ್ಲವಲ್ಲ! ಆದರೆ ಆ ನಡುಗುವ ಪಿಟೀಲು ಮಾತ್ರ ಅವಳಿಗೂ ಸೇರಿದ್ದಲ್ಲ, ದೆಲ್ಫೀನಾಳಿಗೂ ಸೇರಿದ್ದಲ್ಲ.

ಮರುದಿನ ವಿಸ್ತುಲಾ ನದಿ ದಾಟಿ ಪ್ರಾಗಾ ಬಡಾವಣೆಗೆ ಹೋದೆ. ಸಿನಿಮಾ ಪ್ರಿಯರೇ, ‘ದಿ ಪಿಯಾನಿಸ್ಟ್’ ನೆನಪಿದೆಯೆ? ಪೋಲಾನ್‌ಸ್ಕಿ ನಿರ್ದೇಶಿಸಿದ 2002ರ ಚಿತ್ರ, ಏಡ್ರಿಯನ್ ಬ್ರೋಡಿಗೆ ಆಸ್ಕರ್ ತಂದದ್ದು. ಅದರ ಕೆಲವು ಬೀದಿ ದೃಶ್ಯಗಳನ್ನು ಇಲ್ಲೇ ತೆಗೆದರು. ಪಾಳು ಮನೆಯಲ್ಲಿ ಜರ್ಮನ್ ಅಧಿಕಾರಿಯ ಎದುರು ಹಸಿದ ನಾಯಕ ನುಡಿಸುವುದು ಯಾರ ಸಂಗೀತ? ನಮ್ಮವನದೇ!

ಸಂಜೆ ಮತ್ತೆ ಚರ್ಚಿನ ಬೀದಿಗೆ ಬಂದೆ. 2010ರಲ್ಲಿ, ಶೋಪಾನ್ ಹುಟ್ಟಿ 200 ವರ್ಷವಾದಾಗ, ಊರಿನಲ್ಲಿ 15 ಕಪ್ಪು ಬೆಂಚುಗಳನ್ನು ಹಾಕಿಸಿದ್ದರು. ಗುಂಡಿ ಒತ್ತಿದರೆ ಬೆಂಚೇ ಅವನ ಸಂಗೀತ ನುಡಿಸುತ್ತೆ. ಅಂಥ ಒಂದು ಬೆಂಚಿನ ಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ನಡುವೆ ಒಂದು ಚೀಲ. ಮಾತಿಲ್ಲ ಕತೆಯಿಲ್ಲ. ನಾನು ಪಕ್ಕಕ್ಕೆ ಬಗ್ಗಿ ಗುಂಡಿ ಒತ್ತಿದೆ. ಪಿಯಾನೋ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತೂಹೋಯಿತು.

ಹುಡುಗ ಚೀಲವನ್ನೆತ್ತಿ ಕೆಳಗಿಟ್ಟು ಅವಳಿಗೆ ಏನೋ ಅಂದ. ನನಗೆ ಪೋಲಿಷ್ ಬರಲ್ಲ.