ಎಣಿಸಿಕೊಂಡ ಗೋಪುರ

ಪುಣೆಯಲ್ಲಿ ನಮ್ಮದೊಂದು ಕ್ರಾಸ್ ಸ್ಟಿಚ್ ಬಳಗವಿದೆ. ಏಳೆಂಟು ಜನ, ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಚಹಾ, ಪೋಹೆ, ಸೂಜಿ-ದಾರ, ಹರಟೆ. ಗಂಡಸು ನಾನೊಬ್ಬನೇ. ಮೊದಲ ಸಲ ಹೋದಾಗ ಹೆಂಡತಿಯನ್ನು ಬಿಡಲು ಬಂದವನೆಂದು ತಿಳಿದಿದ್ದರು. ಈ ಹೊಲಿಗೆ ನನಗೆ ಒಗ್ಗಿದ್ದು ಲೆಕ್ಕದಿಂದ. 14 ಕೌಂಟಿನ ಐಡಾ ಬಟ್ಟೆಯೆಂದರೆ ಇಂಚಿಗೆ 14 ಚೌಕ. 140 ಹೊಲಿಗೆ ಅಗಲದ ಚಿತ್ರಕ್ಕೆ ಸರಿಯಾಗಿ 10 ಇಂಚು. ಆಫೀಸಿನಲ್ಲಿ ನಾನು ಕೊಟ್ಟ ಯಾವ ಅಂದಾಜೂ ಹೀಗೆ ಕೂಡಿಬಂದಿಲ್ಲ.

ಮುಗಿದ ಕೆಲಸ ಕೈಗೆ ಬಂದರೆ ಬಳಗದ ಹಿರಿಯರಾದ ಮರಾಠಿ ಕಾಕು ಮೊದಲು ಹಿಂಬದಿ ತಿರುಗಿಸುತ್ತಾರೆ. ಎಲ್ಲಿ ಗಂಟು ಹಾಕಿದ್ದೀರಿ, ದಾರ ಎಲ್ಲಿ ಉದ್ದಕ್ಕೆ ಜಿಗಿದಿದೆ? ಮುಂಬದಿ ಆಮೇಲೆ: ಪ್ರತಿ ಇಂಟು ಗುರುತಿನ ಮೇಲಿನ ಎಳೆ ಒಂದೇ ಕಡೆ ವಾಲಿದೆಯೇ? ಈ ತಪಾಸಣೆಯಲ್ಲಿ ಕಾಕು ಏನೂ ಹೇಳದೆ ಸುಮ್ಮನಾದದ್ದು ನನ್ನ ಗೋಪುರದ ಮುಂದೆ ಮಾತ್ರ.

ಅದು ಧಾರವಾಡದ ಕಸೂತಿ. ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಲ್ಲಿದ್ದದ್ದು. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಮೆಂತ್ಯವೆಂಬುದು ಕ್ರಾಸ್ ಸ್ಟಿಚ್ಚೇ. ನನ್ನ ಗೋಪುರ ಗವಂತಿಯದು: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುವುದು, ಬರುವಾಗ ಬಿಟ್ಟದ್ದನ್ನು ತುಂಬುವುದು. ಗಂಟಿಲ್ಲ, ಬಟ್ಟೆಯ ಮೇಲೆ ಗೆರೆ ಬರೆಯುವುದೂ ಇಲ್ಲ. ಎರಡೂ ಬದಿ ಒಂದೇ ಥರ. ಪ್ರತಿ ಗೆರೆಯ ಮೇಲೂ ಸೂಜಿ ಎರಡು ಸಲ ಹಾಯುವುದರಿಂದ ಹೊರಟಲ್ಲಿಗೇ ಮರಳುವ ದಾರಿ ಇದ್ದೇ ಇರುತ್ತದೆ. ಆಯ್ಲರ್ 1736ರಲ್ಲಿ ಕ್ಯೋನಿಗ್ಸ್‌ಬರ್ಗಿನ ಸೇತುವೆಗಳ ಬಗ್ಗೆ ಬರೆದ ಲೆಕ್ಕದಿಂದಲೇ ಇದನ್ನು ಹೇಳಬಹುದು. ಎಂ.ಟೆಕ್‌ನಲ್ಲಿ ಅದನ್ನು ಓದಿ ನಾನು ಅಂಕ ತೆಗೆದುಕೊಂಡೆ. ಅವ್ವ ಅದರ ಹೆಸರೂ ಕೇಳದೆ ಸೆರಗು ತುಂಬಿಸಿದಳು. ಆ ಗೋಪುರವನ್ನು ಚೌಕಳಿ ಹಾಳೆಗಿಳಿಸಿ ಬಳಗದಲ್ಲಿ ಎಲ್ಲರಿಗೂ ಕೊಟ್ಟಿದ್ದೆ.

ಈ ವರ್ಷ ಅದೇ ಗೋಪುರ ಜಗಳಕ್ಕೆ ಸಾಕ್ಷಿಯಾಯಿತು. ನಮ್ಮಲ್ಲೊಬ್ಬ ತಮಿಳು ಗೆಳತಿ ಚಾರ್ಟ್ ಬರೆದು ಮಾರುತ್ತಾರೆ, ಒಂದಕ್ಕೆ 200 ರೂಪಾಯಿ. ಕೆಲಸ ಹೋದಮೇಲೆ ಮಗನ ಟ್ಯೂಷನ್ ಫೀ ನಡೆಯುತ್ತಿರುವುದು ಅದರಿಂದ. ಬಳಗದ ಇನ್ನೊಬ್ಬರು ಒಂದು ಚಾರ್ಟ್ ಕೊಂಡು, ಪಿಡಿಎಫ್ಅನ್ನು ಎಲ್ಲರ ವಾಟ್ಸ್ಆಪ್‌ಗೂ ಕಳಿಸಿಬಿಟ್ಟರು. ಪ್ರೀತಿಯಿಂದಲೇ. ಮುಂದಿನ ಭಾನುವಾರ ಗೆಳತಿ ಬರಲಿಲ್ಲ. ಮಾತು ಬೆಳೆದಾಗ ಕಳಿಸಿದವರು ನನ್ನ ಕಡೆ ಕೈ ಮಾಡಿದರು: "ಇವರು ಗೋಪುರ ಪುಕ್ಕಟೆ ಕೊಡಲಿಲ್ಲವೇ? ಹಂಚಿಕೊಳ್ಳುವುದಕ್ಕೇ ತಾನೆ ನಾವು ಸೇರುವುದು?"

ಆ ರಾತ್ರಿ ಅವ್ವನಿಗೆ ಫೋನ್ ಮಾಡಿ, ಗೋಪುರ ಎಲ್ಲಿಂದ ಬಂತೆಂದು ಕೇಳಿದೆ.

"ಅದು ನಂದಲ್ಲಪಾ. ಕೆಳಗಿನ ಓಣಿ ವೈನಿ ಸೀರಿ ಮ್ಯಾಲಿತ್ತು. ಮಧ್ಯಾಹ್ನ ಕೆಲಸ ಮುಗಿಸಿ ಹೋಗಿ ಎಳಿ ಎಣಿಸಿಕೊಂಡು ಬರ್ತಿದ್ದೆ. ಹದಿನೈದು ದಿನಾ ಆತು. ಅಷ್ಟೂ ದಿನಾ ಆಕಿ ಸೆರಗು ಹಿಡಕೊಂಡು ಕೂತಿದ್ಲು."

"ಆಕಿಗೇನು ಕೊಟ್ಟಿ?"

"ಆಕಿಗೆ ಪಲ್ಲಕ್ಕಿ ಬರ್ತಿದ್ದಿಲ್ಲ. ನಾ ಕಲಿಸಿದೆ."

ನಕಲು ಇಲ್ಲಿಯೂ ಇದೆ, ಅಲ್ಲಿಯೂ ಇದೆ. ಆದರೆ ಅವ್ವ ಎಣಿಸಿದಳು, ವೈನಿ ಕೂತಳು, ಯಾರಿಂದ ಬಂತೆಂಬುದು ಇಬ್ಬರಿಗೂ ಗೊತ್ತಿತ್ತು. ಫಾರ್ವರ್ಡ್ ಮಾಡಿದ ಕಡತದಲ್ಲಿ ಯಾರೂ ಏನೂ ಎಣಿಸಲಿಲ್ಲ. ಎಣಿಸಿದ್ದವರು ಒಬ್ಬರೇ, ಅವರಿಗೇ ಏನೂ ಸಿಗಲಿಲ್ಲ. ಗೋಪುರ ಊರಿನದು, ಯಾರು ಬೇಕಾದರೂ ಕೊಡಬಹುದು. ಆ ಚಾರ್ಟು ಊರಿನದಲ್ಲ. ಮುಂದಿನ ಕೂಟದಲ್ಲಿ ಇಷ್ಟನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಕಾಕು ಪರ್ಸಿನಿಂದ 200 ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ಮಲಯಾಳಿ ಹುಡುಗಿ ಇನ್ನೂ ಓದುವವಳು, ಎರಡು ಕಂತಿನಲ್ಲಿ ಕೊಡುತ್ತೇನೆಂದಳು. ಕಳಿಸಿದವರು ಮಾತಾಡಲಿಲ್ಲ, ಎದ್ದೂ ಹೋಗಲಿಲ್ಲ.

ಬರುವ ಭಾನುವಾರ ಕೂಟ ನಮ್ಮ ಮನೆಯಲ್ಲಿ. ಅವ್ವ ಸೀರೆಯನ್ನೇ ಕಳಿಸಿದ್ದಾಳೆ, ಪಲ್ಲಕ್ಕಿಯ ಕಡೆ ಮಡಿಕೆ ಬಿದ್ದಿದೆ. ತಮಿಳು ಗೆಳತಿಗೆ ಫೋನ್ ಮಾಡಿ, ಎಣಿಸಿಕೊಳ್ಳುವುದಾದರೆ ಸೆರಗು ನಾನು ಹಿಡಿಯುತ್ತೇನೆ ಎಂದೆ. "ನೋಡೋಣ" ಅಂದರು.